ವೈಟ್‌ಫೀಲ್ಡ್‌ನಲ್ಲಿ ಮರುಮಾರಾಟದ ಫ್ಲ್ಯಾಟ್ ಕೊಳ್ಳುವುದು ಹೇಗೆ?

ಬೆಂಗಳೂರಿನ ಪೂರ್ವದಂಚಿನ ವೈಟ್‌ಫೀಲ್ಡ್‌ನಲ್ಲಿ ಬೋರ್‌ವೆಲ್ ರಸ್ತೆ ಎಂಬ ಹೆಸರಿನದೇ ಒಂದು ರಸ್ತೆಯಿದೆ. ಬೇಸಿಗೆಯಲ್ಲಿ ಬೆಳಗಿನ ಆರೂವರೆಗೆ ಅಲ್ಲಿ ಹತ್ತು ನಿಮಿಷ ನಿಂತರೆ, ಮೇಲ್ಮುಚ್ಚಳದಿಂದ ನೀರು ತುಳುಕಿಸುತ್ತ ಒಂದರ ಹಿಂದೊಂದು ಸಾಗುವ ಟ್ಯಾಂಕರ್‌ಗಳು ಕಾಣುತ್ತವೆ. ಕೋಟಿ ದಾಟಿದ ಬೆಲೆ ತೆತ್ತು ಇಲ್ಲಿ ಮನೆ ಕೊಳ್ಳಲು ಬರುವವರು ಸಾಮಾನ್ಯವಾಗಿ ನೋಡುವುದು ಅಮೃತಶಿಲೆಯ ನೆಲವನ್ನು, ಈಜುಕೊಳವನ್ನು ಮತ್ತು ಹದಿನಾಲ್ಕನೇ ಮಹಡಿಯ ಬಾಲ್ಕನಿಯಿಂದ ತೆರೆದುಕೊಳ್ಳುವ ನೋಟವನ್ನು. ಆದರೆ ಅವರ ಪಾಲಿಗೆ ಬರುವುದು ತನ್ನದೇ ನೀರು ಸರಬರಾಜು, ತನ್ನದೇ ಕೊಳಚೆ ಶುದ್ಧೀಕರಣ, ತನ್ನದೇ ಜನರೇಟರ್, ತನ್ನದೇ ಕಾವಲುಪಡೆ ಹಾಗೂ ತನ್ನದೇ ರಾಜಕಾರಣ ಇರುವ ಒಂದು ಪುಟ್ಟ ಪುರಸಭೆಯ ಸದಸ್ಯತ್ವ. ಆದ್ದರಿಂದ ಈ ಲೇಖನ ಅಡುಗೆಮನೆಯ ಗ್ರಾನೈಟಿನ ಬಗ್ಗೆ ಹೆಚ್ಚು ಮಾತಾಡುವುದಿಲ್ಲ.

ಈ ಊರು ಹುಟ್ಟಿದ್ದೇ ಒಂದು ಸಂಘದಿಂದ ಎಂಬುದನ್ನು ಹೊಸಬರು ತಿಳಿದಿರುವುದು ಒಳ್ಳೆಯದು. 1882ರಲ್ಲಿ ಹತ್ತನೇ ಚಾಮರಾಜ ಒಡೆಯರು ಮೈಸೂರು ಸಂಸ್ಥಾನದ ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ 3,900 ಎಕರೆ ಭೂಮಿಯನ್ನು ನೀಡಿದರು. ಸಂಘವನ್ನು ಕಟ್ಟಿದ ಡಿ.ಎಸ್. ವೈಟ್ ಅವರ ಹೆಸರೇ ಊರಿಗೆ ನಿಂತಿತು. ವೃತ್ತಾಕಾರದಲ್ಲಿ ರೂಪಿಸಿದ ಆ ಮೂಲ ವಸತಿಯ ಗುರುತು ಇಂದಿಗೂ ಇನ್ನರ್ ಸರ್ಕಲ್ ಎಂಬ ಹೆಸರಿನಲ್ಲಿ ಉಳಿದಿದೆ. 1990ರ ದಶಕದಲ್ಲಿ ಐಟಿಪಿಎಲ್ ಎಂಬ ಮಾಹಿತಿ ತಂತ್ರಜ್ಞಾನ ಪಾರ್ಕ್ ಬಂದ ಮೇಲೆ ಸುತ್ತಲಿನ ಹೊಲ, ತೋಟಗಳೆಲ್ಲ ಗೋಪುರಗಳಾದವು. ಈ ಭಾಗದ ಮಹದೇವಪುರ ನಗರಸಭೆಯ ವ್ಯಾಪ್ತಿ ಬೆಂಗಳೂರಿನ ಮಹಾನಗರ ಪಾಲಿಕೆಯಾಗಿದ್ದ ಬಿಬಿಎಂಪಿಗೆ ಸೇರಿದ್ದು 2007ರಲ್ಲಿ, ಈಗಿನ ಬೆಂಗಳೂರು ಪೂರ್ವ ನಗರ ಪಾಲಿಕೆ ರಚನೆಯಾದದ್ದು 2025ರ ಸೆಪ್ಟೆಂಬರ್‌ನಲ್ಲಿ. ಇಲ್ಲಿ ಕಟ್ಟಡಗಳು ಮೊದಲು ಬಂದವು, ಕೊಳವೆಗಳು ನಿಧಾನವಾಗಿ ಹಿಂದೆ ಬಂದವು. ಮುಂದಿನ ಹೆಜ್ಜೆಗಳೆಲ್ಲ ಈ ಒಂದು ಸಂಗತಿಯಿಂದಲೇ ಹುಟ್ಟಿದವು.

ಮೊದಲ ಹೆಜ್ಜೆ: ಮನೆಗೆ ಮುಂಚೆ ನೀರು ನೋಡಿ

ಮಾರುವವರು ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಬನ್ನಿ ಎನ್ನುತ್ತಾರೆ. ನೀವು ವಾರದ ದಿನ ಬೆಳಿಗ್ಗೆ ಆರೂವರೆಗೆ ಹೋಗಿ, ಗೇಟಿನ ಎದುರಿನ ಚಹಾ ಅಂಗಡಿಯಲ್ಲಿ ಕುಳಿತು ಟ್ಯಾಂಕರ್ ಎಣಿಸಿ. ಆಮೇಲೆ ಸರಳವಾದ ಒಂದು ಲೆಕ್ಕ ಹಾಕಿ. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಬೇಕೆಂಬುದು ರೂಢಿಯಲ್ಲಿರುವ ಅಂದಾಜು. ಮನೆಗೆ ನಾಲ್ವರಂತೆ 200 ಮನೆಗಳಿರುವ ಸಮುಚ್ಚಯಕ್ಕೆ ದಿನಕ್ಕೆ 1,08,000 ಲೀಟರ್ ಬೇಕಾಗುತ್ತದೆ. ಅಂದರೆ 12,000 ಲೀಟರಿನ ಒಂಬತ್ತು ಟ್ಯಾಂಕರ್. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ ಬೆಂಗಳೂರು ನಗರ ಜಿಲ್ಲಾಡಳಿತವು ಐದು ಕಿಲೋಮೀಟರ್ ಒಳಗಿನ 12,000 ಲೀಟರಿನ ಟ್ಯಾಂಕರಿಗೆ 1,000 ರೂಪಾಯಿ ದರ ನಿಗದಿ ಮಾಡಿತ್ತು. ಆ ದರದಲ್ಲೇ ಸಿಕ್ಕಿತೆಂದುಕೊಂಡರೂ, ಪೂರ್ತಿ ಟ್ಯಾಂಕರನ್ನೇ ನಂಬಿದ ಸಮುಚ್ಚಯದಲ್ಲಿ ಒಂದೊಂದು ಮನೆಗೆ ತಿಂಗಳಿಗೆ 1,350 ರೂಪಾಯಿ ಬರೀ ನೀರಿಗೆ ಹೋಗುತ್ತದೆ. ಆ ವರ್ಷ ಆ ದರಕ್ಕೆ ನೀರು ತರಿಸಲು ಎಷ್ಟು ಜನರಿಗೆ ಸಾಧ್ಯವಾಯಿತೆಂದು ಅಲ್ಲಿನ ನಿವಾಸಿಗಳನ್ನೇ ಕೇಳಿ. ಉತ್ತರ ಒಂದು ನಗುವಿನೊಂದಿಗೆ ಬರುತ್ತದೆ.

2024ರ ಅಕ್ಟೋಬರ್‌ನಲ್ಲಿ ಚಾಲನೆಗೊಂಡ ಕಾವೇರಿ ಐದನೇ ಹಂತ, ಬಿಬಿಎಂಪಿಗೆ ಸೇರಿದ್ದ 110 ಹಳ್ಳಿಗಳಿಗಾಗಿಯೇ ದಿನಕ್ಕೆ 77.5 ಕೋಟಿ ಲೀಟರ್ ನೀರು ತರುವ ಯೋಜನೆ. ಆದ್ದರಿಂದ ‘ಕಾವೇರಿ ಇದೆ’ ಎಂಬ ಮಾತು ಈಗ ಪ್ರತಿ ಜಾಹೀರಾತಿನಲ್ಲೂ ಇದೆ. ಕೇಳಬೇಕಾದ ಪ್ರಶ್ನೆ ಬೇರೆ: ಸಂಪರ್ಕ ಮಂಜೂರಾಗಿದೆಯೋ, ಮೀಟರ್ ಕೂತಿದೆಯೋ, ವಾರದಲ್ಲಿ ಎಷ್ಟು ದಿನ ನೀರು ಬರುತ್ತದೆ? ಜಲಮಂಡಳಿಯ ಕಳೆದ ಆರು ತಿಂಗಳ ಬಿಲ್ಲುಗಳನ್ನು ತೋರಿಸಲು ಸಂಘದವರನ್ನು ಕೇಳಿ. ಬಿಲ್ಲಿನಲ್ಲಿರುವ ಬಳಕೆಯ ಅಂಕಿ ಸುಳ್ಳು ಹೇಳುವುದಿಲ್ಲ.

ಕೊಳಚೆ ಶುದ್ಧೀಕರಣ ಘಟಕವನ್ನು ನೋಡಲು ಮಾತ್ರ ಸಂಜೆ ಹೋಗಿ. ನಾನು ಸ್ನೇಹಿತರೊಬ್ಬರ ಜೊತೆ ಹೋಗಿದ್ದ ಒಂದು ಸಮುಚ್ಚಯದಲ್ಲಿ, ಮೂರನೇ ಮಹಡಿಯ ಅಂದದ ಮನೆಯ ಮಲಗುವ ಕೋಣೆಯ ಕಿಟಕಿ ತೆರೆದರೆ ನೇರ ಕೆಳಗೆ ಆ ಘಟಕದ ಗಾಳಿಕೊಳವೆ ಇತ್ತು. ಹಗಲಿನಲ್ಲಿ ಯಂತ್ರ ನಿಲ್ಲಿಸಿದ್ದರು. ಏಳು ಗಂಟೆಗೆ ಶುರುವಾದ ಮೇಲೆ ನಾವು ಹೆಚ್ಚು ಹೊತ್ತು ನಿಲ್ಲಲಿಲ್ಲ.

ಎರಡನೇ ಹೆಜ್ಜೆ: ನೆಲ ಯಾವುದಾಗಿತ್ತು?

2022ರ ಸೆಪ್ಟೆಂಬರಿನ ಮಳೆಗೆ ಯಮಲೂರು, ಬೆಳ್ಳಂದೂರು, ಸರ್ಜಾಪುರ ರಸ್ತೆಯ ಆಸುಪಾಸಿನಲ್ಲಿ ಐಷಾರಾಮಿ ಬಡಾವಣೆಗಳ ನಿವಾಸಿಗಳು ಟ್ರ್ಯಾಕ್ಟರ್ ಏರಿ ಹೊರಬಂದ ಚಿತ್ರ ಎಲ್ಲರ ಕಣ್ಣ ಮುಂದಿದೆ. ನೀರು ಅಲ್ಲಿಗೆ ಹೊಸದಾಗಿ ಬಂದದ್ದಲ್ಲ. ಒಂದು ಕೆರೆಯ ಕೋಡಿಯಿಂದ ಇನ್ನೊಂದು ಕೆರೆಗೆ ರಾಜಕಾಲುವೆಯಲ್ಲಿ ಹರಿಯುವುದು ಅದರ ಹಳೆಯ ಅಭ್ಯಾಸ. ಬೆಳ್ಳಂದೂರಿನ ನೀರು ವರ್ತೂರು ಕೆರೆಗೆ ಹೋಗುವ ದಾರಿಯಲ್ಲಿ ಮನೆ ಕಟ್ಟಿದವರಿಗೆ ಆ ಅಭ್ಯಾಸದ ಪರಿಚಯ ತಡವಾಗಿ ಆಯಿತು.

ಮಾರುವವರಿಂದ ಜಮೀನಿನ ಸರ್ವೆ ನಂಬರ್ ಪಡೆದು, ಕಂದಾಯ ನಕ್ಷೆಗಳನ್ನು ತೋರಿಸುವ ‘ದಿಶಾಂಕ್’ ಆ್ಯಪಿನಲ್ಲಿ ಹುಡುಕಿ. ಸಮುಚ್ಚಯದ ಬೇಲಿಯ ಒಳಗೆ ಕಾಲುವೆ, ಕೆರೆ ಅಂಗಳ ಅಥವಾ ಸರ್ಕಾರಿ ಖರಾಬು ಕಂಡುಬಂದರೆ ವಕೀಲರನ್ನು ಕೇಳುವವರೆಗೆ ಮುಂಗಡದ ಚೆಕ್ ಬರೆಯಬೇಡಿ. ನಕ್ಷೆಯ ಜೊತೆಗೆ ಊರಿನವರನ್ನೂ ಕೇಳಿ. ನಲ್ಲೂರಹಳ್ಳಿ, ಇಮ್ಮಡಿಹಳ್ಳಿ, ಹಗದೂರಿನಂಥ ಹಳ್ಳಿಗಳು ಇನ್ನೂ ಅಲ್ಲೇ ಇವೆ; ಅಲ್ಲಿನ ದಿನಸಿ ಅಂಗಡಿಯ ಹಿರಿಯರಿಗೆ ಯಾವ ಗೋಪುರ ಗದ್ದೆಯಲ್ಲಿದೆ, ಯಾವುದು ದಿಣ್ಣೆಯಲ್ಲಿದೆ ಎಂಬುದು ಬಾಯಿಪಾಠ. ಕನ್ನಡ ಬಲ್ಲ ಗ್ರಾಹಕರಿಗೆ ಇಲ್ಲಿ ಸಿಗುವ ದೊಡ್ಡ ಅನುಕೂಲ ಇದೇ.

ಮೂರನೇ ಹೆಜ್ಜೆ: ಕಾಗದಪತ್ರ

ಖಾತಾ ಎಂಬುದು ತೆರಿಗೆಯ ದಾಖಲೆಯೇ ಹೊರತು ಮಾಲೀಕತ್ವದ ಪತ್ರವಲ್ಲ. ಮಾಲೀಕತ್ವ ನಿಲ್ಲುವುದು ನೋಂದಾಯಿತ ಕ್ರಯಪತ್ರ ಮತ್ತು ಅದರ ಹಿಂದಿನ ಮೂಲಪತ್ರಗಳ ಸರಪಳಿಯ ಮೇಲೆ. ಹಾಗಿದ್ದರೂ ಬೆಂಗಳೂರಿನಲ್ಲಿ 2024ರ ಅಕ್ಟೋಬರಿನಿಂದ ಇ-ಖಾತಾ ಇಲ್ಲದೆ ನೋಂದಣಿ ಆಗುವುದಿಲ್ಲವಾದ್ದರಿಂದ, ಅದು ಮಾರುವವರ ಹೆಸರಿನಲ್ಲಿ ಸಿದ್ಧವಾಗಿದೆಯೇ ಎಂದು ಮೊದಲೇ ನೋಡಿ. ‘ಬಿ’ ಖಾತೆಯ, ಅಂದರೆ ನಿಯಮಗಳಿಗೆ ಪೂರ್ತಿ ಒಳಪಡದ ಆಸ್ತಿಗೆ ಕೊಡುವ ಖಾತೆಯ ಮನೆಯನ್ನು ‘ನಾಳೆ ಎ ಆಗುತ್ತದೆ’ ಎಂಬ ಭರವಸೆಯ ಮೇಲೆ ‘ಎ’ ಬೆಲೆಗೆ ಕೊಳ್ಳಬೇಡಿ.

ಕನಿಷ್ಠ ಮೂವತ್ತು ವರ್ಷಗಳ ಋಣಭಾರ ಪ್ರಮಾಣಪತ್ರ, ಅನುಮೋದಿತ ನಕ್ಷೆ, ಭೂ ಪರಿವರ್ತನೆಯ ಆದೇಶ ಇವೆಲ್ಲವನ್ನೂ ವಕೀಲರು ಕೇಳಿಯೇ ಕೇಳುತ್ತಾರೆ. ನೀವು ಒತ್ತಿ ಕೇಳಬೇಕಾದವು ಎರಡು. ಒಂದು, ಕಟ್ಟಡ ಕಟ್ಟಿದ ಜಮೀನು ಹಿಂದೆ ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದಾಗಿತ್ತೇ ಎಂಬುದು. ಅಂಥ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಪರಭಾರೆ ಮಾಡುವುದನ್ನು 1978ರ ಪಿಟಿಸಿಎಲ್ ಕಾಯ್ದೆ ನಿಷೇಧಿಸುತ್ತದೆ. ಇನ್ನೊಂದು, ಕಟ್ಟಡ ಅನುಮೋದಿತ ನಕ್ಷೆಯಂತೆ ಇದೆ, ವಾಸಕ್ಕೆ ತಕ್ಕುದಾಗಿದೆ ಎಂದು ಹೇಳುವ, ಎಲ್ಲರ ಬಾಯಲ್ಲಿ ‘ಒಸಿ’ ಎನಿಸಿಕೊಂಡಿರುವ ಸ್ವಾಧೀನಾನುಭವ ಪ್ರಮಾಣಪತ್ರ. ಜನ ಹತ್ತು ವರ್ಷದಿಂದ ವಾಸವಾಗಿದ್ದಾರಲ್ಲ ಎಂಬುದು ಒಸಿಗೆ ಪರ್ಯಾಯವಲ್ಲ. ನಕ್ಷೆಯಲ್ಲಿ ಹನ್ನೆರಡು ಮಹಡಿ ಇದ್ದು ನೀವು ನೋಡುತ್ತಿರುವ ಮನೆ ಹದಿಮೂರನೆಯದರಲ್ಲಿದ್ದರೆ, ಆ ಮನೆಯ ನೋಟ ಎಷ್ಟೇ ಚೆನ್ನಾಗಿದ್ದರೂ ಮರಳಿ ಬನ್ನಿ.

ನಾಲ್ಕನೇ ಹೆಜ್ಜೆ: ಹಣದ ಲೆಕ್ಕ

ದಲ್ಲಾಳಿ 1,600 ಚದರಡಿ ಎಂದರೆ ಅದು ಮೆಟ್ಟಿಲು, ಲಿಫ್ಟು, ಕ್ಲಬ್ಬುಗಳ ಪಾಲನ್ನೂ ಸೇರಿಸಿದ ಸೂಪರ್ ಬಿಲ್ಟ್‌ಅಪ್ ವಿಸ್ತೀರ್ಣ. ಒಳಗೆ ಟೇಪು ಹಿಡಿದರೆ 1,150 ಸಿಕ್ಕುವುದು ಅಪರೂಪವೇನಲ್ಲ. ರಿಯಲ್ ಎಸ್ಟೇಟ್ ನಿಯಂತ್ರಣಕ್ಕೆಂದು ಬಂದ 2016ರ ರೇರಾ ಕಾಯ್ದೆ ಹೊಸ ಯೋಜನೆಗಳಲ್ಲಿ ಕಾರ್ಪೆಟ್ ವಿಸ್ತೀರ್ಣವನ್ನೇ, ಅಂದರೆ ಮನೆಯೊಳಗೆ ಬಳಸಲು ಸಿಗುವ ನೆಲದ ಅಳತೆಯನ್ನೇ ತಿಳಿಸಬೇಕೆಂದು ಹೇಳುತ್ತದೆಯಾದರೂ ಮರುಮಾರಾಟದ ಮಾತುಕತೆ ಹಳೆಯ ಭಾಷೆಯಲ್ಲೇ ನಡೆಯುತ್ತದೆ. ಎರಡು ಮನೆಗಳನ್ನು ಹೋಲಿಸುವಾಗ ಕಾರ್ಪೆಟ್ ಅಳತೆಯಿಂದಲೇ ಬೆಲೆಯನ್ನು ಭಾಗಿಸಿ. ಕ್ರಯಪತ್ರದಲ್ಲಿ ನಮೂದಾಗುವ ಭೂಮಿಯ ಅವಿಭಜಿತ ಪಾಲನ್ನೂ ಗಮನಿಸಿ, ಏಕೆಂದರೆ ಕಟ್ಟಡ ಹಳತಾದಂತೆ ಬೆಲೆ ಉಳಿಸಿಕೊಳ್ಳುವುದು ಆ ಪಾಲು ಮಾತ್ರ.

ಒಂದು ಕೋಟಿ ರೂಪಾಯಿಯ ಮನೆಗೆ ಮುದ್ರಾಂಕ ಶುಲ್ಕ ಶೇ 5ರಂತೆ 5 ಲಕ್ಷ, ಅದರ ಮೇಲಿನ ಸೆಸ್ 50 ಸಾವಿರ, ನಗರ ವ್ಯಾಪ್ತಿಯ ಸರ್ಚಾರ್ಜ್ 10 ಸಾವಿರ, 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2ಕ್ಕೆ ಏರಿದ ನೋಂದಣಿ ಶುಲ್ಕ 2 ಲಕ್ಷ, ಹೀಗೆ ಒಟ್ಟು 7 ಲಕ್ಷ 60 ಸಾವಿರ ರೂಪಾಯಿ ತಗಲುತ್ತದೆ. ಒಪ್ಪಂದದ ಬೆಲೆ, ಸರ್ಕಾರ ನಿಗದಿ ಮಾಡಿದ ಮಾರ್ಗಸೂಚಿ ಬೆಲೆ ಇವೆರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಈ ಲೆಕ್ಕ. 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ಬೆಲೆಯಾದರೆ ಮಾರುವವರಿಗೆ ಕೊಡುವ ಹಣದಲ್ಲಿ ಶೇ 1ನ್ನು ಹಿಡಿದಿಟ್ಟು ಆದಾಯ ತೆರಿಗೆಗೆ ಕಟ್ಟುವ ಹೊಣೆ ಕೊಳ್ಳುವವರದು.

ವೈಟ್‌ಫೀಲ್ಡ್‌ನಲ್ಲಿ ಇದಕ್ಕೊಂದು ವಿಶೇಷ ತಿರುವು ಇದೆ. ಇಲ್ಲಿನ ಅನೇಕ ಫ್ಲ್ಯಾಟುಗಳ ಮಾಲೀಕರು ಅಮೆರಿಕದಲ್ಲೋ ಸಿಂಗಪುರದಲ್ಲೋ ಇರುತ್ತಾರೆ. ಮಾರುವವರು ತೆರಿಗೆಯ ದೃಷ್ಟಿಯಲ್ಲಿ ಅನಿವಾಸಿಯಾಗಿದ್ದರೆ ಹಿಡಿಯಬೇಕಾದ ತೆರಿಗೆ ಶೇ 1ಕ್ಕಿಂತ ಬಹಳ ಹೆಚ್ಚು; ಹಿಡಿಯದೆ ಪೂರ್ತಿ ಹಣ ಕೊಟ್ಟರೆ ನೋಟಿಸ್ ಬರುವುದು ನಿಮ್ಮ ಮನೆಗೆ, ಅವರ ಮನೆಗಲ್ಲ. ಅಣ್ಣನ ಹೆಸರಿನ ಅಧಿಕಾರಪತ್ರ ಹಿಡಿದು ತಮ್ಮ ಸಹಿ ಮಾಡಲು ಬಂದಿದ್ದರಂತೂ ಲೆಕ್ಕಪರಿಶೋಧಕರನ್ನು ಕಂಡೇ ಮುಂದುವರಿಯಿರಿ.

ಐದನೇ ಹೆಜ್ಜೆ: ಸಂಘದ ಪುಸ್ತಕ ಓದಿ

ಬಹುತೇಕರು ಬಿಡುವ ಹೆಜ್ಜೆ ಇದು, ಆದರೆ ನನ್ನ ಮಟ್ಟಿಗೆ ಇದೇ ಮುಖ್ಯ. ಮಾಲೀಕರ ಸಂಘ ಯಾವ ಕಾಯ್ದೆಯಡಿ ನೋಂದಣಿಯಾಗಿದೆ ಎಂದು ಕೇಳಿ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ ಘೋಷಣಾ ಪತ್ರ ನೋಂದಣಿಯಾಗಿದ್ದರೆ ಪ್ರತಿ ಮನೆಗೂ ಸಾಮಾನ್ಯ ಪ್ರದೇಶದಲ್ಲಿ ಎಷ್ಟು ಪಾಲೆಂಬುದು ಬರಹದಲ್ಲಿರುತ್ತದೆ. 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಮಾತ್ರ ಇದ್ದರೆ, ಕ್ಲಬ್ ಹೌಸು ಮತ್ತು ಖಾಲಿ ಜಾಗದ ಹಕ್ಕು ಇನ್ನೂ ಬಿಲ್ಡರ್ ಕೈಯಲ್ಲೇ ಉಳಿದಿದೆಯೇ ಎಂದು ವಿಚಾರಿಸಿ.

ಕಳೆದ ಮೂರು ವರ್ಷಗಳ ಲೆಕ್ಕಪತ್ರದಲ್ಲಿ ನೋಡಬೇಕಾದವು ಮೂಲನಿಧಿಯ ಮೊತ್ತ, ಬಾಕಿದಾರರ ಪಟ್ಟಿ ಮತ್ತು ನಡೆಯುತ್ತಿರುವ ಮೊಕದ್ದಮೆಗಳು. ಲಿಫ್ಟುಗಳನ್ನು ಬದಲಿಸುವ ವರ್ಷ ಹತ್ತಿರವಿದ್ದು ಮೂಲನಿಧಿ ಬರಿದಾಗಿದ್ದರೆ, ಹಿಂದಿನವರು ಅನುಭವಿಸಿ ಸವೆಸಿದ ಲಿಫ್ಟಿನ ಹಣವನ್ನು ನೀವು ಕಟ್ಟಬೇಕಾಗುತ್ತದೆ. ನಿರ್ವಹಣಾ ಶುಲ್ಕ ಮನೆಗೆ ತಿಂಗಳಿಗೆ 7,500 ರೂಪಾಯಿ ದಾಟಿ, ಸಂಘದ ವಾರ್ಷಿಕ ವಹಿವಾಟು 20 ಲಕ್ಷವನ್ನೂ ಮೀರಿದರೆ ಶೇ 18ರ ಜಿಎಸ್‌ಟಿ ಸೇರುತ್ತದೆ. 7,400ಕ್ಕೆ ನಿಂತಿರುವ ಶುಲ್ಕ ಕಂಡರೆ, ಅದು ಯಾಕೆ ಅಲ್ಲಿ ನಿಂತಿದೆ ಎಂದು ಈಗ ನಿಮಗೆ ಗೊತ್ತು. ಮಾರುವವರು ಬಾಕಿ ಉಳಿಸಿಕೊಂಡಿಲ್ಲವೆಂಬ ಪತ್ರವನ್ನು ನೋಂದಣಿಗೆ ಮೊದಲೇ ಪಡೆಯಿರಿ.

ಆರನೇ ಹೆಜ್ಜೆ: ಅಲ್ಲಿನ ಜನರ ನಡುವೆ ಒಂದು ಸಂಜೆ

2023ರ ಮಾರ್ಚ್ 25ರಂದು ಕೃಷ್ಣರಾಜಪುರದಿಂದ ಕಾಡುಗೋಡಿಯವರೆಗೆ, ಆ ವರ್ಷದ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯವರೆಗೆ ಮೆಟ್ರೊದ ನೇರಳೆ ಮಾರ್ಗ ಕೂಡಿಕೊಂಡ ಮೇಲೆ, ಮಲ್ಲೇಶ್ವರ, ಬಸವನಗುಡಿಯ ಕನ್ನಡ ಕುಟುಂಬಗಳಿಗೂ ಈ ಕಡೆ ಬರುವುದು ‘ಪರದೇಶ’ ಎನಿಸುವುದು ಕಡಿಮೆಯಾಗಿದೆ. ಮೆಟ್ರೊ ನಿಲ್ದಾಣ ‘ಐದು ನಿಮಿಷ’ ಎಂದು ಹೇಳಿದರೆ, ಹೂಡಿಯಿಂದಲೋ ಹೋಪ್‌ಫಾರ್ಮ್‌ನಿಂದಲೋ ನೀವೇ ನಡೆದು ನೋಡಿ. ದೂರಕ್ಕಿಂತ ಪಾದಚಾರಿ ಮಾರ್ಗ ಇದೆಯೇ ಎಂಬುದು ಮುಖ್ಯ.

ಸಂಜೆ ಆರರಿಂದ ಎಂಟರವರೆಗೆ ಸಮುಚ್ಚಯದೊಳಗೆ ಕುಳಿತರೆ ಅಲ್ಲಿನ ಬಾಳ್ವೆಯ ಹದ ತಿಳಿಯುತ್ತದೆ. ಮಕ್ಕಳು ಆಡುವ ಭಾಷೆ ಇಂಗ್ಲಿಷ್ ಅಥವಾ ಹಿಂದಿ. ಕಾವಲುಗಾರರು ಒಡಿಶಾದವರೋ ಅಸ್ಸಾಮಿನವರೋ ಆಗಿರುತ್ತಾರೆ. ಕನ್ನಡ ಕೇಳಿಸುವುದು ಪ್ಲಂಬರ್, ಮನೆಗೆಲಸದವರು ಮತ್ತು ಬೆಂಚಿನ ಮೇಲೆ ಕೂತ ಕೆಲವು ತಾತಂದಿರ ಬಾಯಲ್ಲಿ. ನವೆಂಬರ್ 1ರ ಧ್ವಜಾರೋಹಣ ಈಗ ಹಲವು ಕಡೆ ನಡೆಯುತ್ತದೆ, ಕನ್ನಡ ಕಲಿಸುವ ತರಗತಿಗಳೂ ಇವೆ. ಅವು ನಡೆಯುವುದು ಒಬ್ಬಿಬ್ಬರು ಹಟ ಹಿಡಿದಿರುವ ಕಡೆ. ಗಮನಿಸಬೇಕಾದ ಇನ್ನೊಂದು ಸಣ್ಣ ಸಂಗತಿ ಲಿಫ್ಟಿನ ಬಾಗಿಲಿನ ಮೇಲಿನ ಚೀಟಿ. ಮನೆಗೆಲಸದವರು ಇದನ್ನು ಬಳಸಬಾರದು ಎಂದು ಅಲ್ಲಿ ಬರೆದಿದ್ದರೆ, ನೆರೆಹೊರೆಯವರ ಬಗ್ಗೆ ಯಾವ ವಾಟ್ಸ್‌ಆ್ಯಪ್ ಗುಂಪೂ ಹೇಳದಷ್ಟನ್ನು ಆ ಚೀಟಿ ಹೇಳುತ್ತದೆ. ನನ್ನನ್ನು ಕೇಳಿದರೆ ಅದು ಬೆಲೆಯಲ್ಲಿ ಚೌಕಾಸಿ ಮಾಡಬೇಕಾದ ದೋಷವಲ್ಲ, ಬೇರೆ ಮನೆ ಹುಡುಕಬೇಕಾದ ದೋಷ.

ಕೊಂಡ ಮೇಲಿನ ಮೊದಲ ತಿಂಗಳು

ಕ್ರಯಪತ್ರ ಕೈಗೆ ಬಂದ ವಾರದಲ್ಲೇ ಖಾತಾ ವರ್ಗಾವಣೆ, ಬೆಸ್ಕಾಂ ಮೀಟರಿನ ಹೆಸರು ಬದಲಾವಣೆ ಮತ್ತು ಸಂಘದ ಸದಸ್ಯತ್ವಕ್ಕೆ ಅರ್ಜಿ ಹಾಕಿ. ಮೂರನೆಯದನ್ನು ಮರೆತವರಿಗೆ ಸರ್ವಸದಸ್ಯರ ಸಭೆಯಲ್ಲಿ ಮತ ಇರುವುದಿಲ್ಲ. ಆ ಸಭೆಗೆ ಹೋಗುವಾಗ ಸಮಯಕ್ಕೆ ಸರಿಯಾಗಿ ಹೋಗಿ. ಕೋರಂ ಇಲ್ಲವೆಂದು ಅರ್ಧ ಗಂಟೆ ಮುಂದೂಡಿ, ಬಂದಿರುವ ಇಪ್ಪತ್ತೈದು ಜನರಲ್ಲೇ ವರ್ಷದ ಬಜೆಟ್ ಅಂಗೀಕಾರವಾಗುವುದು ವಾಡಿಕೆ. ನಾಯಿ ಎಲ್ಲಿ ಓಡಾಡಬೇಕು ಎಂಬ ಚರ್ಚೆಗೆ ಒಂದು ಗಂಟೆ ಹೋಗುತ್ತದೆ, ನೀರಿನ ಗುತ್ತಿಗೆ ಎರಡು ನಿಮಿಷದಲ್ಲಿ ಮುಗಿಯುತ್ತದೆ. ಟ್ಯಾಂಕರ್ ಎಣಿಸಿ ಬರೆದುಕೊಂಡಿದ್ದ ಚೀಟಿ ಇನ್ನೂ ಇದ್ದರೆ ಆ ಎರಡು ನಿಮಿಷಕ್ಕೆ ಅದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ.