ಹತ್ತನೆಯವನನ್ನು ನಾನು ಕರೆತಂದದ್ದು: ನನ್ನ ಅನುಭವ

ಭಜನಾ ಮಂದಿರ, ಹೊರನಾಡ ಸಂಘ ನಡೆಸುವವರಿಗೆ ನಮ್ಮ ಗೋಳು ಬಿಡಿಸಿ ಹೇಳಬೇಕಿಲ್ಲ. ಕಟ್ಟಡ ಇರುತ್ತದೆ, ಜನ ಇರುವುದಿಲ್ಲ. ನಾವು ಬೆನೆ ಇಸ್ರೇಲ್ ಯಹೂದಿಗಳು. ಅಪ್ಪ ರೈಲ್ವೆಯಲ್ಲಿದ್ದರು, ನಾನು ಬೆಳೆದದ್ದು ಹುಬ್ಬಳ್ಳಿಯಲ್ಲಿ, ಈಗಿರುವುದು ಠಾಣೆ ಕಡೆ. 1948ರ ಹೊತ್ತಿಗೆ ದೇಶದಲ್ಲಿ ನಮ್ಮವರು 20,000ದಷ್ಟಿದ್ದರು. ಇಸ್ರೇಲಿಗೆ ಹೋದವರು ಹೋದರು. ಈಗ ಉಳಿದದ್ದು 4-5 ಸಾವಿರ, ಜಾಸ್ತಿ ಮುಂಬೈ, ಠಾಣೆಯಲ್ಲೇ.

ಪೂರ್ತಿ ಪ್ರಾರ್ಥನೆಗೆ 13 ತುಂಬಿದ 10 ಗಂಡಸರು ಬೇಕು. ನಾನು ಮೊದಲು ಮಾಡಿದ್ದು ಎಲ್ಲರೂ ಮಾಡುವ ತಪ್ಪು: ನಮ್ಮ ಸಿನಗಾಗ್, ಅಂದರೆ ಪ್ರಾರ್ಥನಾ ಮಂದಿರಕ್ಕೆ ಸುಣ್ಣಬಣ್ಣ. ಸುಮಾರು 1.5 ಲಕ್ಷ ಹೋಯಿತು. ನಮ್ಮಲ್ಲಿ ಮನುಷ್ಯರನ್ನು ಒಂದು, ಎರಡು ಅಂತ ಎಣಿಸುವುದಿಲ್ಲ. ನಮ್ಮ ಹೀಬ್ರೂ ಕೀರ್ತನೆಯಲ್ಲಿ ಹತ್ತು ಪದದ ಸಾಲೊಂದಿದೆ, ತಲೆಗೊಂದು ಪದ. ನಮ್ಮಲ್ಲಿ ಹಿರಿಯರಾದ ಕಾಕಾ ಬೆಂಚಿನುದ್ದಕ್ಕೂ ನೋಡುತ್ತಾ ‘ಹೋಶೀಯಾ, ಎತ್, ಅಮ್ಮೇಖಾ’ ಅಂತ ಶುರು ಮಾಡಿದರು. ಏಳನೇ ಪದಕ್ಕೆ ನಿಂತರು. ಹೊಸ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ.

ಆಮೇಲೆ ಹೀಬ್ರೂ ಕ್ಲಾಸು. ಮೇಷ್ಟ್ರಿಗೆ ಕೊಟ್ಟ 12 ಸಾವಿರ ನೀರಿಗೆ ಬಿತ್ತು. ಹುಡುಗರನ್ನು ಮುಂಬೈನ ಹಳೇ ಸಿನಗಾಗ್‌ಗೂ ಕರೆದುಕೊಂಡು ಹೋದೆ. ಅದನ್ನು 1796ರಲ್ಲಿ ಕಟ್ಟಿಸಿದ ಸ್ಯಾಮುಯೆಲ್ ದಿವೇಕರ್ ಟಿಪ್ಪುವಿನ ಸೆರೆಯಿಂದ ಬಿಡುಗಡೆಯಾಗಿ ಬಂದವರು. ಮಸ್ಜಿದ್ ಸ್ಟೇಷನ್ನಿಗೆ ಹೆಸರು ಬಂದದ್ದೂ ಆ ಸಿನಗಾಗ್‌ನಿಂದಲೇ ಅನ್ನುತ್ತಾರೆ. ಹುಡುಗರು ಕಣ್ಣರಳಿಸಿ ಕೇಳಿದರು. ಮುಂದಿನ ವಾರ ಬಂದವರು ಇಬ್ಬರು.

ಕೊನೆಗೆ ದೊಡ್ಡವರನ್ನು ಬಿಟ್ಟು 13-15ರ ಹುಡುಗರನ್ನೇ ಹಿಡಿದೆ. ಒಬ್ಬೊಬ್ಬನಿಗೂ ಒಂದು ಕೆಲಸ, ಮೂರು ಫೋನ್ ನಂಬರು. ಶುಕ್ರವಾರ ಸೂರ್ಯ ಮುಳುಗುವ ಮೊದಲೇ ಕರೆ ಮಾಡಿ ಮುಗಿಸಬೇಕು. ಮುಳುಗಿದ ಮೇಲೆ ಸಬ್ಬತ್, ನಮ್ಮ ವಾರದ ವಿಶ್ರಾಂತಿ ದಿನ; ಫೋನು, ಒಲೆ ಮುಟ್ಟುವಂತಿಲ್ಲ. ಪ್ರಾರ್ಥನೆ ಆದಮೇಲೆ ಮಲಿದಾ. ಅವಲಕ್ಕಿ, ಸಕ್ಕರೆ, ಕಾಯಿತುರಿ, ಹಣ್ಣು. ಒಲೆ ಹಚ್ಚುವ ಗೋಜಿಲ್ಲ. ಕಾಯಿ ಮಾತ್ರ ಹೊತ್ತಿಗೆ ಮುಂಚೆ ತುರಿದಿಟ್ಟುಕೊಳ್ಳಬೇಕು. ವಾರಕ್ಕೆ 700 ರೂಪಾಯಿ ಅಂದುಕೊಳ್ಳಿ. ‘ಮಲಿದಾ ಹರಕೆಯದಪ್ಪ, ವಾರವಾರ ಹಂಚುವುದಾ? ತಿಂಡಿ ಆಸೆಗೆ ಬರೋರು ಎಷ್ಟು ದಿನ ಬಂದಾರು?’ ಅಂದರು ಕಾಕಾ. ಕಮಿಟಿಯವರಂತೂ ದುಡ್ಡೇ ಬಿಚ್ಚಲಿಲ್ಲ. ಆರು ತಿಂಗಳು ನನ್ನ ಕೈಯಿಂದಲೇ ಹೋಯಿತು.

ಒಣದ್ರಾಕ್ಷಿ ಶರಬತ್ತಿನಲ್ಲೂ ಆಟ ಆಡಿದೆ. ಸಬ್ಬತ್ ಪ್ರಾರ್ಥನೆಗೆ ವೈನ್ ಬದಲು ನಮ್ಮಲ್ಲಿ ಅದೇ ಅಲ್ವಾ. ಮಿಕ್ಸಿಗೆ ಹಾಕಿದರೆ ಕದಡಿ, ಬೀಜ ಅರೆದು ಕಹಿ. ಕಪ್ಪು ದ್ರಾಕ್ಷಿ ನೆನೆಸಿ ಕೈಯಲ್ಲೇ ಹಿಸುಕಿ ಬಟ್ಟೆಯಲ್ಲಿ ಸೋಸಬೇಕು. ಬಣ್ಣ ನನ್ನ ಹಾಗೆ ಯಾರಿಗೂ ಬರುವುದಿಲ್ಲ. ಎಷ್ಟು ಹೊತ್ತು ನೆನೆಸುತ್ತೇನೆ ಅಂತ ಹೆಂಡತಿಗೂ ಹೇಳಿಲ್ಲ.

ಹುಡುಗರನ್ನು ಬಿಡಲು ಬಂದ ಅಪ್ಪಂದಿರು ಬಾಗಿಲಲ್ಲಿ ನಿಂತರು. ಆಮೇಲೆ ಒಳಗೆ ಕೂತರು. ಈಗ ಕಾಕಾ ಹತ್ತನೇ ಪದ ‘ಹಾಓಲಾಮ್’ ಮುಟ್ಟಿ ಮತ್ತೆ ‘ಹೋಶೀಯಾ’ದಿಂದ ಶುರು ಮಾಡುತ್ತಾರೆ. ಹೋದ ವಾರ ಎರಡನೇ ಸುತ್ತು ‘ಅಮ್ಮೇಖಾ’ದವರೆಗೆ ಬಂದಿತ್ತು.