ಹೊಳಪಿನ ಅಂಚೆಲ್ಲ ಆಘಾತ ತರಂಗವಲ್ಲ: ಚಂದ್ರಾ ದತ್ತಾಂಶದಲ್ಲಿ ಪತ್ತೆ ಮಾಡುವ ಬಗೆ

ಚಂದ್ರಗಿರಿ ಹೊಳೆಯಲ್ಲಿ ಎಂಜಿನ್ ದೋಣಿ ಜೋರಾಗಿ ಹೋದರೆ ಮೂತಿಯ ಮುಂದೆ ನೀರು ಬಿಲ್ಲಿನಂತೆ ಬಾಗುತ್ತದೆ. ಎರಡು ಗೆಲಾಕ್ಸಿ ಗೊಂಚಲುಗಳು ಡಿಕ್ಕಿಯಾದಾಗ ಅವುಗಳ ಕೋಟಿಗಟ್ಟಲೆ ಡಿಗ್ರಿ ಬಿಸಿಯ ಅನಿಲದಲ್ಲೂ ಹೀಗೇ ಬಿಲ್ಲು ಮೂಡುತ್ತದೆ, ಅದೇ ಆಘಾತ ತರಂಗ. ಚಂದ್ರಾ ಎಕ್ಸ್‌ರೇ ದೂರದರ್ಶಕದ ಹಳೆಯ ದತ್ತಾಂಶ ಉಚಿತ. ಕಾಸರಗೋಡಿನ ಮನೆಯಲ್ಲೇ ಕೂತು ಕೆಲಸ ಮಾಡಬಹುದು. ಆಟಿಯ ಮಳೆಗೆ ಕರೆಂಟ್ ಕೈಕೊಡುವುದುಂಟು, ಆದ್ದರಿಂದ ವೀಕ್ಷಣೆಗಳನ್ನು ಒಂದೊಂದಾಗಿ ಇಳಿಸಿಕೊಳ್ಳಿ.

ಕಲಿಯಲು ಬುಲೆಟ್ ಗೊಂಚಲೇ ಒಳ್ಳೆಯದು: ಡಿಕ್ಕಿಯಾದ ಎರಡು ಗೊಂಚಲುಗಳಲ್ಲಿ ಚಿಕ್ಕದು ಗುಂಡಿನಂತೆ ದೊಡ್ಡದನ್ನು ಸೀಳಿಹೋಗಿದೆ. ಚಂದ್ರಾ ದತ್ತಾಂಶಕ್ಕೆಂದೇ ಇರುವ ಸಿಐಎಓ ತಂತ್ರಾಂಶದ ‘ಚಂದ್ರಾ_ರೀಪ್ರೊ’ ಆದೇಶದಿಂದ ಪ್ರತಿ ವೀಕ್ಷಣೆಯನ್ನೂ ಹೊಸದಾಗಿ ಸಂಸ್ಕರಿಸಿ, ಹಿನ್ನೆಲೆ ಏಕಾಏಕಿ ಏರಿದ ಹೊತ್ತನ್ನು ಕತ್ತರಿಸಿ, ಬಿಂದು ಆಕರಗಳನ್ನು (ಚುಕ್ಕಿಯಂತೆ ಹೊಳೆಯುವ ಬೇರೆ ಕಾಯಗಳನ್ನು) ತೆಗೆಯಿರಿ. ಚಿತ್ರಕ್ಕೆ 0.5–2 ಕೆಇವಿ ಶಕ್ತಿಪಟ್ಟಿ ಸಾಕು (ಎಕ್ಸ್‌ರೇಯ ಶಕ್ತಿಯನ್ನೂ ಅನಿಲದ ಉಷ್ಣತೆಯನ್ನೂ ಅಳೆಯುವ ಮಾನ ಕೆಇವಿ). ಆ ಪಟ್ಟಿಯಲ್ಲಿ ಹೊಳಪು ಉಷ್ಣತೆಗಿಂತ ಸಾಂದ್ರತೆಯ ವರ್ಗವನ್ನೇ ಹೆಚ್ಚು ಅನುಸರಿಸುತ್ತದೆ. ಚಿತ್ರಗಳನ್ನು ಕೂಡಿಸಿ, ಉಷ್ಣತೆ ತಿಳಿಸುವ ರೋಹಿತಗಳನ್ನು (ಶಕ್ತಿವಾರು ಎಣಿಕೆಗಳನ್ನು) ಮಾತ್ರ ಕೂಡಿಸಬೇಡಿ: ಪ್ರತಿ ವೀಕ್ಷಣೆಯಿಂದ ಬೇರೆಯಾಗಿ ತೆಗೆದು ಒಂದೇ ಮಾದರಿಗೆ ಒಟ್ಟಿಗೆ ಹೊಂದಿಸಿ.

ಹೆಚ್ಚಿನವರು ಎಡವುವುದು ಅಂಚಿನ ಎರಡೂ ಬದಿಯ ಹೊಳಪು ಅಳೆಯಲು ಬೀಸಣಿಗೆಯಾಕಾರದ ವಲಯ ಎಳೆಯುವಾಗ. ಅದರ ಕೇಂದ್ರ ಗೊಂಚಲಿನ ನಡುಭಾಗವಲ್ಲ, ಅಂಚಿನ ಬಾಗಿಗೆ ಸರಿಹೊಂದುವ ವೃತ್ತದ ಕೇಂದ್ರ. ಕಮಾನು ಅಂಚಿಗೆ ಸಮಾನಾಂತರವಾಗಿಲ್ಲದಿದ್ದರೆ ಜಿಗಿತ ಹರಡಿಹೋಗಿ ಮ್ಯಾಕ್ ಸಂಖ್ಯೆ (ಆಘಾತದ ವೇಗ ಶಬ್ದದ ವೇಗದ ಎಷ್ಟು ಪಟ್ಟು ಎಂಬುದು) ಕಡಿಮೆ ಬರುತ್ತದೆ. ಕೋನವನ್ನು ಐದೈದು ಡಿಗ್ರಿ ಸರಿಸಿ ಮತ್ತೆ ಹೊಂದಿಸಿ ನೋಡಲೇಬೇಕು.

ಸಾಂದ್ರತೆಯ ಜಿಗಿತ ಸಿ, ಅಂದರೆ ಅಂಚಿನ ಒಳಗಿನ ಸಾಂದ್ರತೆ ಹೊರಗಿನದರ ಎಷ್ಟು ಪಟ್ಟು ಎಂಬುದು ಸಿಕ್ಕಿತೆನ್ನಿ. 3ಸಿಯನ್ನು (4−ಸಿ)ಯಿಂದ ಭಾಗಿಸಿ ವರ್ಗಮೂಲ ತೆಗೆದರೆ ಮ್ಯಾಕ್ ಸಂಖ್ಯೆ. ಸಿ 2.29 ಇದ್ದರೆ ಮ್ಯಾಕ್ 2. ಆಗ ಉಷ್ಣತೆ 2.08 ಪಟ್ಟು ಏರಿರಬೇಕು. ಆಘಾತದ ಎದುರಿನ ಅನಿಲದ ಉಷ್ಣತೆ 5 ಕೆಇವಿ ಆದರೆ ಹಿಂದಿನದು 10ರ ಆಸುಪಾಸು. ಸಿ 4ರ ಹತ್ತಿರ ಬಂದರೆ ನಂಬುವ ಮೊದಲು ಹಿನ್ನೆಲೆ ಪರೀಕ್ಷಿಸಿ, ಆಘಾತದಲ್ಲಿ ಅದೇ ಗರಿಷ್ಠ ಮಿತಿ.

ನಿರ್ಣಯ ಉಷ್ಣತೆಯದು. ಹೊಳೆಯುವ ಬದಿ ಬಿಸಿಯಿದ್ದರೆ ಆಘಾತ. ತಂಪಿದ್ದರೆ ಅದು ಶೀತ ಮುಂಚೂಣಿ, ಅಂದರೆ ತಂಪು ಅನಿಲ ಬಿಸಿ ಅನಿಲವನ್ನು ಸಂಧಿಸುವ ಗಡಿ. ಬುಲೆಟ್‌ನಲ್ಲಿ ಎರಡೂ ಇವೆ: ಗುಂಡಿನ ಚೂಪಾದ ಅಂಚು ಶೀತ ಮುಂಚೂಣಿ, ಅದರ ಮುಂದಿನ ಮಸುಕಾದ ಬಿಲ್ಲು ಸುಮಾರು ಮ್ಯಾಕ್ 3ರ ಆಘಾತ. ಎದುರಿನ ಅನಿಲ ತೀರಾ ಮಬ್ಬು. ಖಾಲಿ ಆಕಾಶದ ಹಿನ್ನೆಲೆಯನ್ನು (ಗೊಂಚಲಿಲ್ಲದ ಆಕಾಶದ ಸಿದ್ಧ ದತ್ತಾಂಶವನ್ನು) 9.5–12 ಕೆಇವಿಯ ಎಣಿಕೆಗೆ ಸರಿಹೊಂದಿಸದಿದ್ದರೆ ಅಲ್ಲಿನ ಉಷ್ಣತೆಯೇ ತಪ್ಪುತ್ತದೆ.

ಸಂದೇಹ ಉಳಿದರೆ ಸಾಂದ್ರತೆಯನ್ನು ಉಷ್ಣತೆಯಿಂದ ಗುಣಿಸಿ ಎರಡೂ ಬದಿಯ ಒತ್ತಡ ಹೋಲಿಸಿ. ಶೀತ ಮುಂಚೂಣಿಯಲ್ಲಿ ಅದು ಹೆಚ್ಚುಕಡಿಮೆ ಸಮ. ಮ್ಯಾಕ್ 2ರ ಆಘಾತದಲ್ಲಿ 4.75 ಪಟ್ಟು.