ಮೆಥನಾಲ್ ಹಡಗಿನಲ್ಲಿ ಮೂಗು ಕೆಲಸಕ್ಕೆ ಬರಲ್ಲ

ಒಂಬತ್ತು ವರ್ಷ ನಾನು ಫರ್ನೆಸ್ ಆಯಿಲ್ ಸುಡುವ ಹಡಗುಗಳಲ್ಲೇ ದುಡಿದವನು. ಅದು ಹೆಚ್ಚುಕಮ್ಮಿ ಡಾಂಬರಿನ ತಮ್ಮ. ಎಣ್ಣೆಯ ಕೊಳೆ ತೆಗೆಯುವ ಪ್ಯೂರಿಫೈಯರ್‌ಗೆ ಬಿಡುವಾಗ 98 ಡಿಗ್ರಿ, ಎಂಜಿನ್‌ಗೆ ಬಿಡುವಾಗ 130 ಡಿಗ್ರಿ ಹತ್ತಿರ ಕಾಯಿಸಬೇಕು. ಕೊಳೆ ಜಾಸ್ತಿ, ಆದರೆ ಮೋಸ ಇಲ್ಲ. ಸೋರಿದರೆ ಕಪ್ಪಗೆ ಕಾಣುತ್ತದೆ, ವಾಸನೆ ಹೊಡೆಯುತ್ತದೆ. ಎಂಜಿನ್ ರೂಮಿನ ಮೆಟ್ಟಿಲು ಇಳಿಯುವಾಗಲೇ ಮೂಗು ಅರ್ಧ ಕೆಲಸ ಮುಗಿಸಿರುತ್ತಿತ್ತು.

ಆಮೇಲೆ ಡೀಸೆಲ್, ಮೆಥನಾಲ್ ಎರಡರಲ್ಲೂ ಓಡುವ ಕಂಟೇನರ್ ಹಡಗಿಗೆ ಸೆಕೆಂಡ್ ಎಂಜಿನಿಯರ್ ಆಗಿ ಹೋದೆ. ಮನೆಗೆ ಫೋನ್ ಮಾಡಿ ಹೇಳಿದರೆ ಅಮ್ಮ, "ಕಲ್ಲಕುರಿಚಿಯಲ್ಲಿ ಜನ ಸತ್ತದ್ದು ಅದನ್ನೇ ಕುಡಿದು ಅಲ್ವಾ ಮಾರಾಯ?" ಅಂದರು. ಹೌದು, 2024ರಲ್ಲಿ ತಮಿಳುನಾಡಿನ ಆ ಊರಿನ ಕಳ್ಳಭಟ್ಟಿಯಲ್ಲಿ ಇದ್ದದ್ದು ಇದೇ ವಿಷದ ಆಲ್ಕೋಹಾಲ್.

ಹಡಗು ಹತ್ತುವ ಮುಂಚೆ ತರಬೇತಿ. ಮಧ್ಯಾಹ್ನದ ಬಿಸಿಲಿನಲ್ಲಿ ಒಂದು ಟ್ರೇಗೆ ಮೆಥನಾಲ್ ಸುರಿದು ಬೆಂಕಿ ಹಚ್ಚಿದರು. ನಮಗೆ ಏನೂ ಕಾಣಲಿಲ್ಲ. ಹೊಗೆಯೂ ಇಲ್ಲ. ಮೇಲೆ ಕಾಗದ ಹಿಡಿದರು, ಭಗ್ಗೆಂದಿತು! ನೀರು ಹಾಕಿದರೆ ಆರುತ್ತದೆ ಅಂದುಕೊಂಡಿದ್ದೆ. ಮುಕ್ಕಾಲು ಪಾಲು ನೀರು ಬೆರೆತರೂ ಅದು ಹೊತ್ತಿಕೊಳ್ಳಬಲ್ಲದಂತೆ. ಬೆಂಕಿ ಆರಿಸುವ ಮಾಮೂಲಿ ನೊರೆಯೂ ಅದರ ಮೇಲೆ ನಿಲ್ಲುವುದಿಲ್ಲ, ಅದಕ್ಕೆಂದೇ ಬೇರೆ ನೊರೆ ಬೇಕು.

ಹಡಗಿನಲ್ಲಿ ಕೇಳಿ ತಿಳಿಯೋಣವೆಂದರೆ ಅನುಭವ ಇದ್ದವರೇ ಕಡಿಮೆ. ಸ್ಟೆನಾ ಜರ್ಮಾನಿಕಾ ಎಂಬ ಫೆರಿ 2015ರಲ್ಲೇ ಮೆಥನಾಲ್‌ಗೆ ಬದಲಾಗಿತ್ತು. ಆದರೆ ಕಂಟೇನರ್ ಹಡಗುಗಳಲ್ಲಿ ಮೊದಲನೆಯದಾದ ಲಾರಾ ಮೇರ್ಸ್ಕ್ ಓಡಿದ್ದು 2023ರಲ್ಲಿ.

ಸಿಲಿಂಡರ್‌ನಲ್ಲಿ ಮೆಥನಾಲ್ ತಾನಾಗಿ ಹೊತ್ತಿಕೊಳ್ಳುವುದಿಲ್ಲ, ಕಿಡಿಯಂತೆ ಸ್ವಲ್ಪ ಡೀಸೆಲ್ ಬೇಕು. ಮೆಥನಾಲ್ ಹರಿಯುವ ಪೈಪಿನ ಹೊರಗೆ ಇನ್ನೊಂದು ಪೈಪ್. ನಡುವಿನ ಜಾಗದ ಗಾಳಿಯನ್ನು ಫ್ಯಾನ್ ಸದಾ ಎಳೆಯುತ್ತಿರುತ್ತದೆ, ಸೋರಿಕೆ ಪತ್ತೆ ಮಾಡುವ ಡಿಟೆಕ್ಟರ್ ಅದನ್ನು ಕಾಯುತ್ತಿರುತ್ತದೆ. ನಾನಿದ್ದಾಗ ಮೊದಲ ಸಲ ಮೆಥನಾಲ್‌ಗೆ ಬದಲಿಸಿದ ದಿನ ಅರ್ಧ ಗಂಟೆಯಲ್ಲೇ ಅಲಾರಂ ಕೂಗಿತು. ಎಂಜಿನ್ ತಾನಾಗಿಯೇ ಡೀಸೆಲ್‌ಗೆ ಹೊರಳಿತು, ನೈಟ್ರೋಜನ್ ನುಗ್ಗಿ ಲೈನ್ ಖಾಲಿ ಮಾಡಿತು. ನಾನೋ, ಹಳೇ ಚಾಳಿ, ಟಾರ್ಚ್ ಹಿಡಿದು ಮೂಸಲು ಹೊರಟಿದ್ದೆ. ಚೀಫ್ ಎಂಜಿನಿಯರ್ ತೋಳು ಹಿಡಿದು ನಿಲ್ಲಿಸಿದರು. ವಾಸನೆ ಗೊತ್ತಾಗುವ ಹೊತ್ತಿಗೆ ಉಸಿರಾಡಬಾರದ ಮಟ್ಟ ದಾಟಿರಬಹುದು ಅಂತ ತರಬೇತಿಯಲ್ಲಿ ಹೇಳಿದ್ದು ಆಗ ನೆನಪಾಯಿತು. ತಪ್ಪು ಒಂದು ಸೀಲ್‌ನದು, ಸರಿಯಾಗಿ ಕೂತಿರಲಿಲ್ಲ. ಹಿಂದಿನ ದಿನ ಕೂರಿಸಿದವನು ನಾನೇ.

ಈಗ ಕೈ ಕೊಳೆಯಾಗುವುದು ಕಡಿಮೆ. ಆದರೆ ಫರ್ನೆಸ್ ಆಯಿಲಿಗೆ ಹೋಲಿಸಿದರೆ ಕಿಲೋಗೆ ಸಿಗುವ ಶಕ್ತಿ ಅರ್ಧ, ಹಾಗಾಗಿ ಅಷ್ಟೇ ದೂರಕ್ಕೆ ಟ್ಯಾಂಕ್ ಎರಡು ಪಟ್ಟಿಗೂ ದೊಡ್ಡದು. ನೈಸರ್ಗಿಕ ಅನಿಲದಿಂದ ಮಾಡಿದ ಮೆಥನಾಲ್ ಸುಟ್ಟು ಹಸಿರು ಎಂದರೆ ಸುಮ್ನೆ ಮಾತು. ಕಸ, ಸಗಣಿಯಂಥ ಜೈವಿಕ ಮೂಲದಿಂದ ಬಂದದ್ದು ಬೇಕು, ಅದು ಎಲ್ಲಾ ಬಂದರಿನಲ್ಲಿ ಸಿಗುವುದಿಲ್ಲ. ನನ್ನ ನಾಲ್ಕು ತಿಂಗಳ ಕಾಂಟ್ರಾಕ್ಟ್‌ನಲ್ಲಿ ಮೆಥನಾಲ್ ತುಂಬಿಸಿದ್ದು ಎರಡೇ ಸಲ. ಉಳಿದ ದಿನ ಡೀಸೆಲ್ಲೇ.